ಹೊಗೆಗೂಡಿನ ಬಾಣಂತಿ

ಉಮಾನಾಥನ ತಲೆ, ಹೆಗಲು, ಎರಡೂ ಕೈಗಳು ಅಗ್ಗಿಷ್ಟಿಕೆಯ ಒಳಗಿದ್ದವು. ಹೊರಗೆ ಉಳಿದಿದ್ದುದು ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ ಮತ್ತು ಎರಡು ಅಂಗಾಲು ಮಾತ್ರ. ಕೊನೆಯ ಬೋಲ್ಟು ಕಿರುಗುಟ್ಟುತ್ತ ಸಡಿಲವಾಯಿತು. ಮನೆ ಕಟ್ಟಿದಂದಿನಿಂದ ಹೊಗೆಗೂಡಿನ ಬಾಯಿಗೆ ಅಡ್ಡ ಮಲಗಿದ್ದ ಕಬ್ಬಿಣದ ಮುಚ್ಚಳ ಅವನ ಕೈಗೆ ಬಂತು. ಅದರ ಬೆನ್ನಿಗೇ ಒಂದು ಬುಟ್ಟಿಯಷ್ಟು ಮಸಿ ಧೊಪ್ಪನೆ ಬಿತ್ತು.

ಮಸಿಯ ಬೆನ್ನಿಗೇ, ಮೇಲಿನ ಕತ್ತಲೆಯಿಂದ, ಆ ಸದ್ದು ಬಂತು.

ಬುಸ್ಸ್‌ಸ್‌ಸ್. ಉಸಿರು ಮುಗಿಯುವವರೆಗೂ ಎಳೆದು ಬಿಟ್ಟ ಹಾಗೆ.

ಉಮಾನಾಥ ಹೊರಗೆ ಬಂದ ವೇಗಕ್ಕೆ ಅವನ ತಲೆ ಇಟ್ಟಿಗೆಗೆ ಬಡಿಯಿತು. ಮುಖದಲ್ಲಿ ಬೆಳ್ಳಗೆ ಉಳಿದಿದ್ದುದು ಕಣ್ಣೆರಡೇ.

"ಸಾರ್, ಗ್ಯಾಸ್ ಲೀಕಾ?" ಎಂದ ಜಯಂತ. ಬೆಂಗಳೂರಿನಿಂದ ಅಮೇರಿಕಾಕ್ಕೆ ಬಂದು ನೆಲೆಸಿದ ಟೆಲಿಕಾಂ ಎಂಜಿನಿಯರು, ಮನೆಯ ಗೆಳೆಯ. ಯಾವ ಅನಾಹುತಕ್ಕೂ ಅವನ ಬಳಿ ಮೊದಲು ಒಂದು ಕಾರಣ, ಆಮೇಲೆ ಒಂದು ನಗೆ ಸಿದ್ಧವಾಗಿರುತ್ತಿತ್ತು.

"ಈ ಗೋಡೆಗೆ ಗ್ಯಾಸಿನ ಪೈಪೇ ಇಲ್ಲ ಮಾರಾಯ."

"ಹಾಗಾದ್ರೆ ಗಾಳಿ. ಚಿಮಣಿ ಅಂದ್ಮೇಲೆ ಗಾಳಿ ಆಡತ್ತೆ ಸಾರ್."

ಗಾಳಿ ಎರಡನೆಯ ಸಲ ಆಡಿದಾಗ ಉಮಾನಾಥನ ಹೆಂಡತಿ ಮೋಹಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಾಣಂತಿ ಲೇಹ್ಯದ ಸೌಟು, ಸೌಟಿನ ತುದಿಯಿಂದ ತೊಟ್ಟಿಕ್ಕುವ ಬೆಲ್ಲದ ಪಾಕ. ಆ ಸದ್ದು ಅವಳಿಗೆ ಗೊತ್ತಿತ್ತು. ಬಾರ್ಕೂರಿನ ಅವಳ ತವರಿನ ನಾಗಬನದಲ್ಲಿ, ತರಗೆಲೆಯ ಮೇಲೆ ಅವಳು ಒಮ್ಮೆ ಕೇಳಿದ್ದ ಸದ್ದು. ಒಮ್ಮೆ ಕೇಳಿದವರಿಗೆ ಎರಡನೆಯ ಸಲ ಯಾರೂ ಹೆಸರು ಹೇಳಿಕೊಡಬೇಕಾಗಿಲ್ಲ.

"ಇಬ್ಬರೂ ಹಿಂದೆ ಬನ್ನಿ," ಎಂದಳು ಮೆಲ್ಲಗೆ. "ಅದು ನಾಗ."

ಆ ಮಾತಿಗೆ ಜಯಂತನೂ ನಗಲಿಲ್ಲ.

ಅಗ್ಗಿಷ್ಟಿಕೆಯೊಳಗೆ ಒಂದು ಸೌದೆ ಒಲೆ ಆ ವಾರ ಕೂರಲೇಬೇಕಿತ್ತು. ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ ಮೋಹಿನಿಯ ಮಗಳು ಸುಪ್ರೀತಾ ದಿನ ತುಂಬುವ ಮೊದಲೇ ಹೆತ್ತಿದ್ದಳು. ಹೆಣ್ಣು ಮಗು, ಎತ್ತಿಕೊಂಡರೆ ಬಟ್ಟೆಯ ಭಾರವಷ್ಟೇ ಕೈಗೆ ತಿಳಿಯುವಷ್ಟು ಹಗುರ. ಮುಂದಿನ ಭಾನುವಾರ ಮನೆಗೆ ಕಳಿಸುತ್ತೇವೆ, ಬೆಚ್ಚಗಿಡುವುದೊಂದನ್ನು ಮಾತ್ರ ಮರೆಯಬೇಡಿ ಎಂದಿದ್ದರು ಡಾಕ್ಟರು. ಬಾಣಂತನವೆಂದರೆ ತವರಿನಲ್ಲೇ ಆಗಬೇಕು, ತವರೆಂದರೆ ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸಿನ ಈ ಮನೆ ಎಂದು ಮೋಹಿನಿ ತೀರ್ಮಾನಿಸಿಯಾಗಿತ್ತು. ಲಾಸ್ ಏಂಜಲೀಸಿನ ಬಳಿಯ ರೆಡೊಂಡೊ ಬೀಚಿನಲ್ಲಿ ಮನೆ ಮಾಡಿದ್ದ ಮಗಳು ಫೋನಿನಲ್ಲಿ, "ಅಮ್ಮಾ, ವಿ ಹ್ಯಾವ್ ಹೀಟ್ ಹಿಯರ್," ಎಂದಿದ್ದಳು. ಮೋಹಿನಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಯಾಕೆಂದರೆ ರೆಡೊಂಡೊ ಬೀಚ್ ಅವಳಿಗೆ ಗೊತ್ತಿತ್ತು. ಸುಪ್ರೀತಾಳನ್ನು ಹೆತ್ತು ಅವಳು ಮಲಗಿದ್ದೂ ಅದೇ ಊರಿನಲ್ಲಿ. ಊರಿನಿಂದ ಬರಬೇಕಿದ್ದ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಗಂಡ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ಹೊರಟ ಮೇಲೆ, ಒಂದೇ ಕೋಣೆಯ ಆ ಅಪಾರ್ಟ್‌ಮೆಂಟಿನಲ್ಲಿ ಅವಳು ಅಡುಗೆಯ ಓವನ್ನು ಹಚ್ಚಿ, ಬಾಗಿಲು ತೆರೆದಿಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಮುಂದೆ ನೆಲದ ಮೇಲೆ ಕೂರುತ್ತಿದ್ದಳು. ಎಣ್ಣೆ ಹಚ್ಚುವವರಿಲ್ಲ, ಬೆನ್ನಿಗೆ ಬಿಸಿನೀರು ಹೊಯ್ಯುವವರಿಲ್ಲ, ಸಾಂಬ್ರಾಣಿಯ ಹೊಗೆಯಿಲ್ಲ. ಮಗಳಿಗೆ ಹಾಗಾಗಬಾರದು. ಬೆಂಕಿಯಿರುವ ಕೋಣೆಯೊಂದರಲ್ಲಿ ಅವಳು ಕಾಲು ಚಾಚಿ ಮಲಗಬೇಕು. ಆ ಆಸೆಯನ್ನು ಮೋಹಿನಿ ಇಪ್ಪತ್ತೈದು ವರ್ಷ ಕಾದಿಟ್ಟುಕೊಂಡಿದ್ದಳು.

ಆದರೆ ಮನೆಯ ಹೀಟರು ಇದೇ ಹೊತ್ತಿಗೆ ಕೈಕೊಟ್ಟಿತ್ತು. ನೋಡಲು ಬಂದವನು ಒಳಗೆ ಬಿರುಕು ಬಿಟ್ಟಿದೆ, ವಿಷದ ಗಾಳಿ ಬರಬಹುದು ಎಂದು, ಹಚ್ಚಕೂಡದೆಂಬ ಕೆಂಪು ಚೀಟಿ ಅಂಟಿಸಿ ಹೋಗಿದ್ದ. ಹೊಸದು ಬರಲು ತಿಂಗಳಾದರೂ ಬೇಕು. ಕರೆಂಟಿನ ಹೀಟರು ಎರಡು ಹಚ್ಚಿದರೆ ಫ್ಯೂಸು ಹಾರಿ ಮನೆಯೇ ಕತ್ತಲು. ಫೆಬ್ರವರಿಯ ಬೆಳಗುಗಳಲ್ಲಿ ಹಜಾರದ ನೆಲಕ್ಕೆ ಬರಿಗಾಲು ಊರಲಾಗುತ್ತಿರಲಿಲ್ಲ.

ಆಗ ಜಯಂತ ಈ ಉಪಾಯ ತಂದಿದ್ದ. ಬೆಟ್ಟದ ಮೇಲಿನ ಮನೆ ಮಾರಿದ ಅವನ ಸಹೋದ್ಯೋಗಿಯೊಬ್ಬ ತನ್ನ ಸೌದೆ ಒಲೆಯನ್ನು ಬಿಟ್ಟುಕೊಟ್ಟಿದ್ದ. ಇನ್ಸರ್ಟ್ ಎನ್ನುತ್ತಾರೆ ಅದಕ್ಕೆ. ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ. ಅದನ್ನು ಹಾಗೆಯೇ ಅಗ್ಗಿಷ್ಟಿಕೆಯ ಹೊಟ್ಟೆಯೊಳಗೆ ತಳ್ಳಿ, ಮೇಲಿನಿಂದ ಉಕ್ಕಿನ ಕೊಳವೆ ಇಳಿಸಿ ಜೋಡಿಸಿದರಾಯಿತು. ಹೊಗೆಯೆಲ್ಲ ಮೇಲಕ್ಕೆ, ಶಾಖವೆಲ್ಲ ಕೋಣೆಗೆ. ನಾಲ್ಕು ಜನ ಸೇರಿ ಅದನ್ನು ಇಳಿಸಿಯಾಗಿತ್ತು. ಈಗ ಅದು ಹಜಾರದ ನಡುವೆ, ಕರೆಯದೆ ಬಂದು ಕೂತ ನೆಂಟನಂತೆ ಕೂತಿತ್ತು.

ಇನ್ನೊಂದು ಸಂಗತಿಯಿತ್ತು. ಆ ಅಗ್ಗಿಷ್ಟಿಕೆಯಲ್ಲಿ ಈ ಮನೆಯವರು ಎಂದೂ ಬೆಂಕಿ ಹಾಕಿರಲಿಲ್ಲ. ಬಂದ ದಿನವೇ ಮೋಹಿನಿ ಅದನ್ನು ತೊಳೆದು, ರಂಗೋಲಿ ಎಳೆದು, ದೇವರನ್ನು ಅಲ್ಲಿ ಕೂರಿಸಿದ್ದಳು. ಮೂರು ಕಡೆ ಗೋಡೆ, ಮೇಲೆ ಕಮಾನು. ಗುಡಿಗೆ ಬೇಕಾದದ್ದೆಲ್ಲ ಇತ್ತು. ಅಂದಿನಿಂದ ಅಲ್ಲಿ ಹಗಲಿರುಳು ಒಂದು ಎಣ್ಣೆದೀಪ ಉರಿಯುತ್ತಿತ್ತು. ಒಲೆಗಾಗಿ ಅವಳು ದೇವರನ್ನು ಎಬ್ಬಿಸಿ ಮಲಗುವ ಕೋಣೆಯ ಕಪಾಟಿಗೆ ಸಾಗಿಸಿದ್ದು ನಿನ್ನೆ. ಇಂದು ಈ ಸದ್ದು.

"ಊರಲ್ಲಿ ನಾಗನಿಗೆ ತಂಬಿಲ ಕೊಡಿಸದೆ ಎಷ್ಟು ವರ್ಷ ಆಯ್ತು, ಹೇಳಿ," ಎಂದು ಗಂಡನನ್ನು ಕೇಳಿದಳು. ಊರಿಗೆ ಹೋದಾಗ ಮನೆತನದ ನಾಗನಿಗೆ ಹಾಲು, ಎಳನೀರು ಎರೆಸಿ ಪೂಜೆ ಕೊಡಿಸುವ ಸಂಪ್ರದಾಯ ಅದು. ಕಳೆದ ಎರಡು ಸಲವೂ ಉಮಾನಾಥ ಸಮಯವಿಲ್ಲವೆಂದು ಹಾಗೇ ಹಿಂದಿರುಗಿದ್ದ.

ಅವನ ಕಣ್ಣು ಕೆಳಗೆ ಬಿದ್ದ ಮಸಿಯ ಮೇಲಿತ್ತು. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಕಪ್ಪು ಉಂಡೆಗಳಿದ್ದವು, ಹತ್ತೋ ಹನ್ನೆರಡೋ. ಜಯಂತ ಸ್ಕ್ರೂಡ್ರೈವರಿನಿಂದ ಒಂದನ್ನು ಕೆದಕಿದ. ಉಂಡೆ ಬಿಚ್ಚಿಕೊಂಡಿತು. ಒಳಗೆ ಬೂದು ಕೂದಲು. ಕೂದಲಿನ ನಡುವೆ ಸೂಜಿಯಷ್ಟು ತೆಳುವಾದ ಎಲುಬುಗಳು, ಮತ್ತು ಉಗುರಿನಷ್ಟು ದೊಡ್ಡ ಒಂದು ತಲೆಬುರುಡೆ, ಹಲ್ಲಿನ ಸಮೇತ.

ಮೋಹಿನಿಯ ಸೌಟು ನೆಲಕ್ಕೆ ಬಿತ್ತು.

"ಕೂದಲು, ಎಲುಬು... ಇದು ಮಾಟ ಮಾರಾಯ್ರೆ!"

"ಅತ್ತಿಗೇ, ಅಮೇರಿಕಾದಲ್ಲಿ ಮಾಟ ಯಾರು ಮಾಡ್ತಾರೆ? ಇಲ್ಲೇನಿದ್ರೂ ಕೇಸ್ ಹಾಕ್ತಾರೆ," ಎಂದ ಜಯಂತ. ಆದರೆ ಅವನ ದನಿ ಮೊದಲಿನಂತಿರಲಿಲ್ಲ. ಬುರುಡೆಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಿತ್ತ ತಿರುಗಿಸಿದ. "ಇದು ಇಲಿ. ಒಂದ್ ಮಾತ್ ಹೇಳ್ತೀನಿ, ಹಾವು ನುಂಗಿದ್ರೆ ಎಲುಬು ಉಳಿಯಲ್ಲ. ಪೂರಾ ಕರಗಿಸ್ಕೊಂಡ್ ಬಿಡತ್ತೆ. ಇದನ್ನ ತಿಂದು ಉಗುಳಿರೋದು ಬೇರೆ ಯಾವುದೋ."

"ಬೇರೆ ಯಾವುದೋ ಅಂದ್ರೆ?"

ಜಯಂತ ತಲೆ ಎತ್ತಿ ಕತ್ತಲೆಯ ಬಾಯಿಯನ್ನು ನೋಡಿದ. ಉತ್ತರವಾಗಿ ಮೇಲಿನಿಂದ ಇನ್ನೊಮ್ಮೆ ಬುಸ್ಸೆಂದಿತು. ಮೂವರೂ ಒಟ್ಟಿಗೆ ಹಿಂದೆ ಸರಿದರು.

ಅಂದಿನ ಕೆಲಸ ಅಲ್ಲಿಗೇ ನಿಂತಿತು. ಸಂಜೆ ಮೋಹಿನಿ ಸ್ನಾನ ಮಾಡಿ, ಮಸಿಯನ್ನು ಒಂದು ಬದಿಗೆ ಗುಡಿಸಿ, ಅಗ್ಗಿಷ್ಟಿಕೆಯ ನಡುವೆ ಬೆಳ್ಳಿಯ ಬಟ್ಟಲಲ್ಲಿ ಹಾಲಿಟ್ಟಳು. ಒಂದು ಚಿಟಿಕೆ ಅರಿಸಿನ ಉದುರಿಸಿದಳು. "ತಪ್ಪಾಯ್ತು. ಕೂಸು ಬರ್ತಾ ಉಂಟು. ಅಷ್ಟರೊಳಗೆ ನಿನ್ನ ದಾರಿ ನೀನು ನೋಡಿಕೊಳ್ಳಬೇಕು," ಎಂದು ಕೈಮುಗಿದಳು. ಜಗಳವಾಡುವವರ ಧಾಟಿಯಲ್ಲೇ ಅವಳು ದೇವರೊಡನೆ ಮಾತಾಡುವುದು.

ಕಸದ ಡಬ್ಬಿ ಹೊರಗಿಡಲು ಹೋಗಿದ್ದ ಉಮಾನಾಥ ಅದೇ ಹೊತ್ತಿಗೆ ಒಳಗೆ ಬಂದ. ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಎಂತ ಆಯ್ತು?"

"ಮಾಡಿನ ಮೇಲಿಂದ ಎಂತದೋ ಹೋಯ್ತು. ಬೆಳ್ಳಗೆ, ಇಷ್ಟಗಲ. ಹಾರಿದ್ದು ಹೌದು. ಆದ್ರೆ ಶಬ್ದ ಇಲ್ಲ, ಮೋಹಿನಿ. ಒಂಚೂರೂ ಇಲ್ಲ."

ಅವಳು ಗಂಡನ ಕೈ ಹಿಡಿದು ನೋಡಿದಳು. ತಣ್ಣಗಿತ್ತು. ಮನೆ ತಣ್ಣಗಿತ್ತಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು.

ಬೆಳಗ್ಗೆ ಬಟ್ಟಲಲ್ಲಿ ಹಾಲು ಹಾಗೇ ಇತ್ತು. ಕೆನೆ ಕಟ್ಟಿತ್ತು. ಕೆನೆಯ ಮೇಲೆ ಒಂದು ಗರಿ ತೇಲುತ್ತಿತ್ತು, ಸಣ್ಣ ಮಗುವಿನ ಕಿರುಬೆರಳಿನಷ್ಟು. ಅಂಚಿನಲ್ಲಿ ಹೊಂಬಣ್ಣ, ಉಳಿದದ್ದೆಲ್ಲ ಬಿಳಿ. ಮೋಹಿನಿ ಅದನ್ನು ಎತ್ತಿ ಬೆರಳ ಮೇಲಿಟ್ಟುಕೊಂಡಳು. ಅವಳು ಉಸಿರಾಡಿದ್ದಕ್ಕೇ ಅದು ಬಾಗಿತು.

ನಾಗನಿಗೆ ಗರಿಯಿಲ್ಲ.

ಇಷ್ಟು ಗೊತ್ತಾದ ಮೇಲೆ ಅವಳು ಗಂಡಸರಿಗಾಗಿ ಕಾಯಲಿಲ್ಲ. ಡ್ರೆಸ್ಸಿಂಗ್ ಟೇಬಲ್ಲಿನ ಕೈಗನ್ನಡಿ ತಂದಳು, ಅಡುಗೆಮನೆಯ ಟಾರ್ಚು ತಂದಳು, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಅಗ್ಗಿಷ್ಟಿಕೆಯೊಳಗೆ ಮಂಡಿಯೂರಿ, ಮುಚ್ಚಳ ತೆಗೆದ ಸಂದಿಗೆ ಕನ್ನಡಿಯನ್ನು ಓರೆಯಾಗಿ ಹಿಡಿದಳು. ಹೊಗೆಗೂಡು ಅಲ್ಲಿ ಹಿಂದಕ್ಕೆ ಬಾಗಿ, ಗೋಡೆಯೊಳಗೆ ಒಂದು ಹಲಗೆಯಷ್ಟು ಅಗಲದ ಜಗಲಿಯಾಗಿತ್ತು. ಮೊದಲು ಕಂಡದ್ದು ಇಟ್ಟಿಗೆ. ಆಮೇಲೆ ಒಣಗಿದ ಕಡ್ಡಿ. ಕನ್ನಡಿಯನ್ನು ಇನ್ನೊಂದು ಕೂದಲೆಳೆ ತಿರುಗಿಸಿದಳು.

ಕನ್ನಡಿಯ ತುಂಬ ಒಂದು ಮುಖ.

ಗಂಧ ತೇಯ್ದು ಬಳಿದಂಥ ಬಿಳಿ ಮುಖ. ವೀಳ್ಯದೆಲೆಯನ್ನು ತೊಟ್ಟು ಮೇಲಾಗಿ ಹಿಡಿದರೆ ಹೇಗೋ, ಹಾಗೆ ಮೇಲೆರಡು ಕಮಾನು, ಕೆಳಗೆ ಚೂಪು. ಅದರಲ್ಲಿ ಎರಡು ಕಣ್ಣು. ಆ ಕಣ್ಣಿನಷ್ಟು ಕಪ್ಪು ಅಷ್ಟೊಂದು ಮಸಿಯ ನಡುವೆಯೂ ಬೇರೆ ಎಲ್ಲೂ ಇರಲಿಲ್ಲ. ಅದು ಅವಳನ್ನೇ ನೋಡುತ್ತಿತ್ತು. ಕನ್ನಡಿಯನ್ನಲ್ಲ, ಬೆಳಕನ್ನಲ್ಲ, ಕನ್ನಡಿಯ ಮೂಲಕ ಅವಳನ್ನು.

ಬುಸ್ಸ್‌ಸ್ ಎಂದಿತು ಆ ಮುಖ.

ಮೋಹಿನಿಯ ಮೈಯ ರೋಮವೆಲ್ಲ ನಿಂತಿತು. ಓಡಬೇಕೆಂದು ಮಾತ್ರ ತೋಚಲಿಲ್ಲ. ಟಾರ್ಚಿಗೆ ಸೆರಗು ಮುಚ್ಚಿ ಬೆಳಕನ್ನು ಮಂದ ಮಾಡಿದಳು. ಆಗ ಆ ಹಕ್ಕಿಯ ರೆಕ್ಕೆ ಕಂಡಿತು, ಚಿನ್ನದ ಪುಡಿ ಚೆಲ್ಲಿದ ಬೂದುಬಣ್ಣದ ರೆಕ್ಕೆ, ಕೊಡೆಯ ಹಾಗೆ ಕೆಳಕ್ಕೆ ಬಾಗಿದ್ದು. ರೆಕ್ಕೆಯ ಅಂಚಿನಲ್ಲಿ ಏನೋ ಅಲುಗಿತು. ಅರ್ಧ ಗುಲಾಬಿ, ಅರ್ಧ ಹತ್ತಿ. ಕಣ್ಣು ಇನ್ನೂ ತೆರೆಯದ ಒಂದು ಮರಿ ಹೊರಗೆ ಇಣುಕಿ, ಚಳಿಗೆ ನಡುಗಿತು. ತಾಯಿ ಕಣ್ಣನ್ನು ಮೋಹಿನಿಯಿಂದ ಕೀಳದೆಯೇ ಕೊಕ್ಕಿನಿಂದ ಅದನ್ನು ಒಳಕ್ಕೆ ಎಳೆದುಕೊಂಡಿತು. ಒಳಗೆ ಇನ್ನೂ ಇದ್ದವು. ಎಲ್ಲ ಸೇರಿ ಮೂರು. ಅವುಗಳ ಪಕ್ಕದಲ್ಲಿ ಒಡೆಯದ ಒಂದು ಮೊಟ್ಟೆ.

ತಾನು ಎಷ್ಟು ಹೊತ್ತು ಹಾಗೆ ಕುಳಿತಿದ್ದೆನೆಂದು ಅವಳಿಗೆ ತಿಳಿಯಲಿಲ್ಲ. ಹೊರಗಿನಿಂದ ಗಂಡನ ದನಿ ಕೇಳಿದಾಗ ಮೊಣಕಾಲು ಜೋಮು ಹಿಡಿದಿತ್ತು. ಜಯಂತನೂ ಬಂದಿದ್ದ. ಕನ್ನಡಿ ಕೈಯಿಂದ ಕೈಗೆ ಹೋಯಿತು.

ಉಮಾನಾಥ ಒಂದೇ ಕ್ಷಣ ನೋಡಿ ತಲೆ ಹೊರಗೆಳೆದ.

"ಗೂಬೆ!"

ಆ ಶಬ್ದ ಹಜಾರದಲ್ಲೆಲ್ಲ ತಿರುಗಾಡಿತು. ನಾಗನಾಗಿದ್ದರೆ ಕೈಮುಗಿಯಬಹುದಿತ್ತು. ಇದು ಗೂಬೆ. ಗೂಬೆ ಹೊಕ್ಕ ಮನೆಯನ್ನು ಬಿಟ್ಟು ಬೇರೆಡೆ ಇದ್ದು, ಶಾಂತಿ ಮಾಡಿಸಿ, ಆಮೇಲೆ ಮರಳಬೇಕೆಂಬುದನ್ನು ಉಮಾನಾಥ ಹುಟ್ಟಿದಾಗಿನಿಂದ ಕೇಳಿದ್ದ. ಅವನ ಸೋದರತ್ತೆಯ ಮನೆಯವರು ಹಾಗೆ ಮಳೆಗಾಲವಿಡೀ ಪಕ್ಕದವರ ಜಗಲಿಯಲ್ಲಿ ಕಳೆದಿದ್ದರು.

"ಬೇರೆ ದಿನವಾದ್ರೆ ಸರಿ," ಎಂದ ಅವನು. "ತಿಂಗಳು ತುಂಬದ ಕೂಸು ಬರ್ತಾ ಉಂಟು. ಈ ಮನೆಗೆ. ಇದರ ಕೆಳಗೆ ಮಲಗ್ಲಿಕ್ಕೆ."

"ಸಾರ್, ತಲೆ ಕೆಡಿಸ್ಕೋಬೇಡಿ. ಒಂದಿಷ್ಟು ಪೇಪರ್ ಹಚ್ಚಿ ಹೊಗೆ ಹಾಕಿದ್ರೆ ಸಾಕು. ಹಾರಿ ಹೋಗತ್ತೆ. ಮಧ್ಯಾಹ್ನದೊಳಗೆ ಕೊಳವೆ ಇಳಿಸ್ಬಹುದು." ಜಯಂತ ಕಿವಿ ಕೆರೆದುಕೊಂಡ. "ಈ ದೇಶದಲ್ಲಿ ಹಕ್ಕಿ ಗೂಡು ಮುಟ್ಟೋ ಹಾಗಿಲ್ಲ ಅಂತಾರೆ. ಆದ್ರೆ ಯಾರ್ ನೋಡ್ತಾರೆ?"

"ಮರಿಗಳು?" ಎಂದಳು ಮೋಹಿನಿ.

ಜಯಂತ ಕೊಳವೆಯ ತುದಿಯನ್ನು ಪರೀಕ್ಷಿಸತೊಡಗಿದ.

"ಜಯಂತ, ನಿಮ್ಮನ್ನೇ ಕೇಳಿದ್ದು. ತಾಯಿ ಹಾರ್ತದೆ. ಮರಿಗಳು ಎಂತ ಮಾಡ್ತಾವೆ?"

"ಅವು ಹಾರಲ್ಲ, ಅತ್ತಿಗೆ."

ಉಮಾನಾಥ ಹಳೆಯ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಅಗ್ಗಿಷ್ಟಿಕೆಯೊಳಗೆ ಒಟ್ಟತೊಡಗಿದ್ದ. ಕ್ರೂರಿಯಲ್ಲ ಅವನು, ಸ್ನಾನದ ತೊಟ್ಟಿಗೆ ಬಿದ್ದ ಜೇಡವನ್ನೂ ಕಾಗದದ ಮೇಲೆ ಎತ್ತಿ ಹೊರಗೆ ಬಿಡುವವನು. ಆದರೆ ಮೊಮ್ಮಗಳ ಮುಖವನ್ನು ಅವನು ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಕೆ ಸಿಕ್ಕಿಸಿದ್ದಾಗ ನೋಡಿದ್ದ. ಇನ್ನೊಂದು ಉಂಡೆ ಒಟ್ಟಿ, ಹಿಂದಕ್ಕೆ ಕೈ ಚಾಚಿದ.

"ಮೋಹಿನಿ, ಕಡ್ಡಿಪೆಟ್ಟಿಗೆ."

ಕಡ್ಡಿಪೆಟ್ಟಿಗೆ ಅವಳ ಬಳಿಯೇ ಇತ್ತು. ದೇವರ ದೀಪದ್ದು. ತೆರೆದಳು. ಒಂದು ಕಡ್ಡಿಯನ್ನು ಹೊರಗೆ ತೆಗೆದೂ ತೆಗೆದಳು. ಒಂದು ಬೆಂಕಿ, ಕೆಂಪಗೆ ಕಾಯುವ ಒಂದು ಕಬ್ಬಿಣದ ಒಲೆ, ಅದರ ಮುಂದೆ ಕಾಲು ಚಾಚಿದ ಮಗಳು, ಮಡಿಲಲ್ಲಿ ಬೆಚ್ಚಗೆ ಬೆವರಿದ ಕೂಸು. ಎಲ್ಲವೂ ಈ ಕಡ್ಡಿಯ ತುದಿಯಲ್ಲಿತ್ತು.

ಇನ್ನೊಂದು ಕೈಯಲ್ಲಿ ಕನ್ನಡಿಯಿತ್ತು. ಯಾಕೆಂದು ತಿಳಿಯದೆಯೇ ಅದನ್ನು ಮತ್ತೊಮ್ಮೆ ಸಂದಿಗೆ ಹಿಡಿದಳು.

ಹಕ್ಕಿ ಈಗ ಬುಸುಗುಡುತ್ತಿರಲಿಲ್ಲ. ರೆಕ್ಕೆಗಳನ್ನು ಇನ್ನೂ ಅಗಲ ಮಾಡಿ, ಇನ್ನೂ ಕೆಳಕ್ಕೆ ಇಳಿಸಿ, ಇಡೀ ಜಗಲಿಯನ್ನೇ ತನ್ನ ಮೈಯಿಂದ ಮುಚ್ಚಿ ಕೂತಿತ್ತು. ತಲೆಯ ಮೇಲೆ ಆಕಾಶದವರೆಗೆ ದಾರಿ ತೆರೆದಿತ್ತು. ಕಣ್ಣೆತ್ತಿದರೆ ಸಾಕು, ಹೋಗಬಹುದಿತ್ತು. ಅದು ಕಣ್ಣೆತ್ತಲಿಲ್ಲ.

ತೆರೆದ ಓವನ್ನಿನ ಮುಂದೆ ನೆಲದ ಮೇಲೆ ಕೂತಿದ್ದವಳ ಬೆನ್ನು ಮೋಹಿನಿಗೆ ನೆನಪಾಯಿತು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಆ ಹುಡುಗಿಯನ್ನು ಹೊರಗಿನಿಂದ ನೋಡಿದಳು.

ಆಮೇಲೆ ಇನ್ನೊಂದು ಹೊಳೆಯಿತು. ಇಟ್ಟಿಗೆಯ ಜಗಲಿಯ ಕೆಳಗೆ, ಮುಚ್ಚಳದ ಆಚೆಗೆ, ಇಷ್ಟು ವರ್ಷ ಹಗಲಿರುಳೂ ಒಂದು ದೀಪ ಉರಿದಿತ್ತು. ಬೆಳಕು ದೇವರಿಗೆ. ಬಿಸಿ ಎಲ್ಲಿಗೆ ಹೋಗುತ್ತಿತ್ತು ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಮೇಲಕ್ಕೇ ಹೋಗಿರಬೇಕು. ಊರೆಲ್ಲ ಬಿಟ್ಟು ಇದು ಇಲ್ಲಿಗೇ ಬಂದು ಮೊಟ್ಟೆಯಿಟ್ಟದ್ದು ಸುಮ್ಮನೆಯಲ್ಲ. ಆ ದೀಪವನ್ನು ಅವಳು ಆರಿಸಿದ್ದು ಮೊನ್ನೆ.

ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಗೂಬೆ ಹೊಕ್ಕ ಮನೆ ಬಿಡ್ಬೇಕು, ಅಲ್ವಾ?" ಎಂದಳು.

"ಹೌದು, ಹಾಗೆ ಹೇಳ್ತಾರೆ," ಎಂದ ಉಮಾನಾಥ, ಅನುಮಾನದಿಂದ.

"ಹಾಗಾದ್ರೆ ಬಿಡುವ. ಯಾರು ಬಿಡ್ಬೇಕು ಅಂತ ಹೇಳಿಲ್ಲವಲ್ಲ? ನಾನು ಬಿಡ್ತೇನೆ. ಕೂಸು ಇಲ್ಲಿಗೆ ಬರುದು ಬೇಡ. ನಾನೇ ರೆಡೊಂಡೊ ಬೀಚಿಗೆ ಹೋಗ್ತೇನೆ."

"ಬಾಣಂತನ ತವರಲ್ಲಿ ಆಗ್ಬೇಕು ಅಂತ ನೀನೇ..."

"ತವರು ಅಂದ್ರೆ ಎಂತದು ಮಾರಾಯ್ರೆ, ಇಟ್ಟಿಗೆಯಾ? ಲೇಹ್ಯ ಡಬ್ಬಿಯಲ್ಲಿ ಹೋಗ್ತದೆ, ಎಣ್ಣೆ ಬಾಟ್ಲಿಯಲ್ಲಿ ಹೋಗ್ತದೆ. ನಾನು ಕಾರಿನಲ್ಲಿ ಹೋಗ್ತೇನೆ."

"ಮತ್ತೆ ನಾನು?"

"ನಿಮಗೆ ಒಂದು ಬಾಣಂತಿ ಉಂಟಲ್ಲ ಇಲ್ಲಿ. ಮುಚ್ಚಳ ಇದ್ದ ಹಾಗೆ ಕೂರಿಸಿ, ಜೋರು ಶಬ್ದ ಮಾಡ್ಬೇಡಿ. ಇವತ್ತೇ ದೇವರನ್ನು ವಾಪಸು ತರ್ತೇನೆ. ದೀಪ ಆರ್ಬಾರ್ದು."

ಜಯಂತ ಕಬ್ಬಿಣದ ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಅತ್ತಿಗೆ, ಇನ್ಸರ್ಟ್ ಏನ್ ಮಾಡೋದು?"

"ಗರಾಜಿಗೆ ತಳ್ಳಿ. ತಂದವರು ನೀವೇ ಅಲ್ವಾ?"

ಫೋನಿನಲ್ಲಿ ಸುಪ್ರೀತಾ ಎಲ್ಲವನ್ನೂ ಕೇಳಿ, "ಅಮ್ಮಾ, ಐ ಟೋಲ್ಡ್ ಯು ವಿ ಹ್ಯಾವ್ ಹೀಟ್," ಎಂದಳು. ಆಮೇಲೆ ತನಗೆ ಬರುತ್ತಿದ್ದ ಹರಕು ಕನ್ನಡದಲ್ಲಿ, "ಬೇಗ ಬಾ," ಎಂದಳು.

ಭಾನುವಾರ ಅಳಿಯ ಶಿಶಿರ್ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಾಗ, ಅವನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವಳು ಮೋಹಿನಿ. ಸಾಂಬ್ರಾಣಿಯ ಹೊಗೆಗೆ ಮನೆಯ ಅಲಾರಮ್ಮು ಕಿರುಚಿಕೊಂಡಿತು. ಅದರ ಬ್ಯಾಟರಿ ಕಿತ್ತು ಸೀರೆಯ ಗಂಟಿಗೆ ಕಟ್ಟಿಕೊಂಡಳು. ಮಗಳ ಬೆನ್ನಿಗೆ ದಿನವೂ ಎಣ್ಣೆ ತಿಕ್ಕಿದಳು, ಬಿಸಿನೀರು ಹೊಯ್ದಳು. ತಾನು ಒಂಟಿಯಾಗಿ ಕೂತಿದ್ದ ಅದೇ ಊರಿನಲ್ಲಿ, ಅದೇ ಸಮುದ್ರದ ಗಾಳಿ ಕಿಟಕಿಗೆ ಬಡಿಯುತ್ತಿರುವಾಗ, ಮೊಮ್ಮಗಳನ್ನು ಎದೆಗೊತ್ತಿಕೊಂಡು ರೆಕ್ಕೆಯ ಹಾಗೆ ಶಾಲು ಹೊದೆದು ಕೂರುತ್ತಿದ್ದಳು. ಕೂಸಿನ ಕೆನ್ನೆ ತುಂಬಿತು. ತೊಡೆಯಲ್ಲಿ ಮಡಿಕೆ ಬಿತ್ತು.

ದಿನವೂ ಮುಸ್ಸಂಜೆ ಉಮಾನಾಥನ ಫೋನು ಬರುತ್ತಿತ್ತು. ಮೊದಮೊದಲು ಅವನ ಸುದ್ದಿ ಅನ್ನ ಅಂಟಿದ್ದು, ಸಾರು ಉಕ್ಕಿದ್ದು. ಆಮೇಲೆ ಮುಚ್ಚಳವನ್ನು ಒಂದಿಷ್ಟು ಸರಿಸಿ, ಕೈಗನ್ನಡಿಯಲ್ಲಿ ಕಂಡದ್ದು. "ಗಂಡು ಇಲಿ ತಂದುಕೊಡ್ತದೆ ಮೋಹಿನಿ, ಹೆಣ್ಣು ಹರಿದು ಹಂಚ್ತದೆ." "ಇವತ್ತು ಎಲ್ಲ ಒಟ್ಟಿಗೆ ಬುಸುಗುಟ್ಟಿದ್ವು. ಹಸಿವಿಗೆ. ನಾವು ನಾಗ ಅಂದುಕೊಂಡದ್ದು ಇಂಥದ್ದೇ ಶಬ್ದವನ್ನು." ದನಿ ತಗ್ಗಿಸಿ ಮಾತಾಡುತ್ತಿದ್ದ. ಫೋನು ಅಗ್ಗಿಷ್ಟಿಕೆಯ ಪಕ್ಕದಲ್ಲೇ ಇತ್ತು. ಹೊಸ ಹೀಟರು ಬಂದು ಕೂತ ಸುದ್ದಿಯನ್ನು ಅವನು ಎರಡು ದಿನ ಹೇಳಲು ಮರೆತಿದ್ದ.

ಏಪ್ರಿಲ್ ಕೊನೆಗೆ ಮೋಹಿನಿ ಮಗಳು, ಅಳಿಯ, ಮೊಮ್ಮಗಳೊಂದಿಗೆ ಮನೆಗೆ ಬಂದಳು. ಸಂಜೆ ಎಲ್ಲರೂ ಹಿತ್ತಲಲ್ಲಿ ಕುರ್ಚಿ ಹಾಕಿ ಕೂತರು. ಜಯಂತನೂ ಬಂದಿದ್ದ. ಬೆಟ್ಟದ ಆಚೆ ಡೆಲ್ ಮಾರ್ ಕಡಲಂಚಿನ ಕಡೆ ಸೂರ್ಯ ಇಳಿದು, ಆಕಾಶ ಕಿತ್ತಳೆಯ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು.

"ಬರ್ತಾವೆ, ಸುಮ್ನಿರಿ," ಎಂದು ಉಮಾನಾಥ ಪಿಸುಗುಟ್ಟಿದ. ಯಾರೂ ಮಾತಾಡಿರಲೇ ಇಲ್ಲ.

ಹೊಗೆಗೂಡಿನ ಅಂಚಿನಲ್ಲಿ ಒಂದು ಬಿಳಿ ಮುಖ ಮೂಡಿತು. ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಕತ್ತಿಗೆ ಇನ್ನೂ ಹತ್ತಿಯಂಥ ತುಪ್ಪಳ ಅಂಟಿತ್ತು. ಸಾಲಾಗಿ ಕೂತು, ತಲೆಯನ್ನು ಅತ್ತಿತ್ತ ತೂಗುತ್ತ, ಕೆಳಗಿನ ಮನುಷ್ಯರನ್ನು ಅವು ಅಳೆದು ನೋಡಿದವು. ದೂರದ ಯೂಕಲಿಪ್ಟಸ್ ಮರದಿಂದ ತಾಯಿ ಒಮ್ಮೆ ಕೀರಲಾಗಿ ಕೂಗಿತು.

ಮೊದಲನೆಯದು ಬಿತ್ತು. ಬಿತ್ತೆಂದೇ ಸುಪ್ರೀತಾ ಬಾಯಿಗೆ ಕೈ ಹಿಡಿದಳು. ಆದರೆ ಅರ್ಧದಾರಿಯಲ್ಲಿ ರೆಕ್ಕೆ ಬಿಚ್ಚಿಕೊಂಡಿತು, ಎಷ್ಟು ಅಗಲ, ಎಷ್ಟು ಬೆಳ್ಳಗೆ! ಅದು ಅವರ ತಲೆಗಳ ಮೇಲಿನಿಂದ ಹಾದುಹೋಯಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗಾಳಿ ಕೆನ್ನೆಗೆ ತಾಗಿತು, ಸದ್ದು ಮಾತ್ರ ಇಲ್ಲ. ಹುಲ್ಲಿನಲ್ಲಿ ಹುಳು ಕೂಗುವುದು ಕೇಳುತ್ತಿತ್ತು, ಶಿಶಿರ್ ಉಗುಳು ನುಂಗಿದ್ದು ಕೇಳಿತು, ಆ ರೆಕ್ಕೆ ಕೇಳಲಿಲ್ಲ. ಎರಡನೆಯದು ಹೋಯಿತು. ಮೂರನೆಯದು ಅಂಚಿನಲ್ಲಿ ಬಹಳ ಹೊತ್ತು ಹಿಂದೆ ಮುಂದೆ ನೋಡಿ, ಕಡೆಗೆ ಕಣ್ಣು ಮುಚ್ಚಿದಂತೆ ಮಾಡಿ ಧುಮುಕಿತು.

ಮೋಹಿನಿಯ ಮಡಿಲಲ್ಲಿ ಕೂಸು ಎಚ್ಚರವಾಗಿತ್ತು. ಬಿಳಿ ಬಣ್ಣ ಹೋದ ದಿಕ್ಕಿಗೆ ಅದರ ಕಣ್ಣು ತಿರುಗಿ, ಅಲ್ಲೇ ನಿಂತಿತ್ತು. ಬಾಯಿ ಅಷ್ಟಗಲ ತೆರೆದಿತ್ತು.

ಆಮೇಲೆ ಜಯಂತ ಮಾತಾಡಿದ, ಗುಡಿಯೊಳಗೆ ಮಾತಾಡುವಷ್ಟೇ ಮೆಲ್ಲಗೆ. "ಸಾರ್, ಗೂಡು ಖಾಲಿ ಆಯ್ತು. ಈಗಾದ್ರೂ ಇನ್ಸರ್ಟ್ ಕೂರಿಸೋಣ್ವಾ?"

ಉಮಾನಾಥ ಹೆಂಡತಿಯ ಕಡೆ ನೋಡಿದ. ತೆರೆದ ಬಾಗಿಲಿನಾಚೆ, ಹಜಾರದ ಅಗ್ಗಿಷ್ಟಿಕೆಯೊಳಗೆ ದೀಪ ಉರಿಯುತ್ತಿತ್ತು.

"ಬರುವ ವರ್ಷಕ್ಕೆ ಅದು ಮತ್ತೆ ಬಂದ್ರೆ?" ಎಂದಳು ಮೋಹಿನಿ. ಕೂಸಿನ ಕಾಲಿನ ಮೇಲೆ ಶಾಲು ಸರಿಮಾಡಿ, ಅದನ್ನೆತ್ತಿಕೊಂಡು ದೀಪಕ್ಕೆ ಎಣ್ಣೆ ಹಾಕಲು ಒಳಗೆ ನಡೆದಳು.